ಕೇಬಲ್ ಮೋಡೆಮ್, ವೈಫೈ ರೂಟರ್: ಒಂದೇ ಡಬ್ಬಿ, ಇಬ್ಬರು ಯಜಮಾನರು

ಟೀವಿ ಕೇಬಲ್ಲಿನ ಮೂಲಕ ಇಂಟರ್ನೆಟ್ ತೆಗೆದುಕೊಳ್ಳುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಕೇಬಲ್ಲಿನಿಂದ ಇಂಟರ್ನೆಟ್ ತರುವ ಮೋಡೆಮ್ ಮತ್ತು ಅದನ್ನು ಮನೆಯೊಳಗೆ ಹಂಚುವ ವೈಫೈ ರೂಟರ್ ಎರಡೂ ಸೇರಿರುವ ಡಬ್ಬಿ ಕೊಳ್ಳುವ ಮೊದಲು ಕೇಳಿದವು ಕೆಲವು, ಕೊಂಡು ಮನೆಗೆ ತಂದ ಮೇಲೆ ಕೇಳಿದವು ಇನ್ನು ಕೆಲವು. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಈ ಅಂಕಣಕ್ಕೆ ಬರುವ ಮೊದಲು ನಾನು ಕೇಬಲ್ ಇಂಟರ್ನೆಟ್ ಕಂಪನಿಯೊಂದರ ದೂರು ವಿಭಾಗದಲ್ಲಿದ್ದೆ. "ನೆಟ್ ಬರ್ತಿಲ್ಲ" ಎಂದು ಫೋನ್ ಮಾಡಿದವರ ಮೋಡೆಮ್ ನನ್ನ ಪರದೆಯ ಮೇಲೆ ಕಾಣುತ್ತಿತ್ತು. ಆ ಪರದೆಯಲ್ಲಿ ನೋಡಿ ಕಲಿತದ್ದೇ ಇಲ್ಲಿ ಹೆಚ್ಚು.

ಪ್ರಶ್ನೆ: ಮೇಡಂ, ಕಂಪನಿಯವರು ಕೊಟ್ಟ ಡಬ್ಬಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದೇವೆ. ಸ್ವಂತದ್ದು ತಗೊಳ್ಳೋಣ ಅಂತ ಮನೆಯಲ್ಲಿ ಮಾತಾಗಿದೆ. ಮೋಡೆಮ್, ರೂಟರ್ ಎರಡೂ ಒಂದರಲ್ಲೇ ಇರೋದು ಒಳ್ಳೆಯದಾ, ಬೇರೆ ಬೇರೆ ಒಳ್ಳೆಯದಾ?
— ಮೂರು ಜನರ ಮನೆಯ ಗೃಹಿಣಿ

ಉತ್ತರ: ಅಂಗಡಿಗೆ ಹೋಗುವ ಮೊದಲು ಕಂಪನಿಗೆ ಒಂದು ಫೋನ್ ಮಾಡಿ. ಗ್ರಾಹಕರು ತಂದ ಡಬ್ಬಿಯನ್ನು ಅವರು ಒಪ್ಪುತ್ತಾರಾ? ಒಪ್ಪುವುದಾದರೆ ಯಾವ ಮಾಡೆಲ್‌ಗಳು? ನಿಮ್ಮ ಪ್ಲಾನಿನ ವೇಗಕ್ಕೆ ಆ ಮಾಡೆಲ್ ಸಾಕಾ? ಹಳೆಯ ಡಬ್ಬಿ ವಾಪಸ್ ಕೊಟ್ಟರೆ ಬಾಡಿಗೆ ನಿಜಕ್ಕೂ ಬಿಲ್ಲಿನಿಂದ ಹೋಗುತ್ತಾ? ಇಷ್ಟು ಕೇಳಿ, ಮಾಡೆಲ್ ಸಂಖ್ಯೆಯನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಕೊನೆಯ ಒಂದು ಅಕ್ಷರ ಬೇರೆಯಾದರೂ ಒಳಗಿನ ಯಂತ್ರ ಬೇರೆಯಾಗಿರಬಹುದು.

ಯಾಕಿಷ್ಟು ಒತ್ತಿ ಹೇಳುತ್ತೇನೆ ಅಂದರೆ, ಕೇಬಲ್ ಮೋಡೆಮ್ ತಾನಾಗಿ ನೆಟ್‌ಗೆ ಬರುವುದಿಲ್ಲ. ಪ್ರತಿ ಮೋಡೆಮ್‌ಗೂ ಒಂದು ಮ್ಯಾಕ್ ವಿಳಾಸ, ಅಂದರೆ ಅದರದೇ ಗುರುತಿನ ಸಂಖ್ಯೆ, ಇರುತ್ತದೆ, ಡಬ್ಬಿಯ ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಕಂಪನಿಯವರು ಅದನ್ನು ನಿಮ್ಮ ಖಾತೆಗೆ ಸೇರಿಸಬೇಕು. ಅಲ್ಲಿಯವರೆಗೆ ಎಷ್ಟೇ ದುಬಾರಿ ಡಬ್ಬಿಯಾದರೂ ಸುಮ್ನೆ ಕೂತಿರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ಇನ್ನೂ ಗಮನಿಸಬೇಕು. ಹಳೆಯ ಮಾಲೀಕರ ಖಾತೆಯಿಂದ ಅದನ್ನು ಬಿಡಿಸಿರದಿದ್ದರೆ ನಿಮ್ಮ ಖಾತೆಗೆ ಅದು ಸೇರುವುದಿಲ್ಲ.

ಈಗ ಒಂದಾ ಎರಡಾ ಎನ್ನುವ ವಿಷಯ. ಸೇರಿಸಿ ಮಾಡಿದ ಡಬ್ಬಿಯೊಳಗೆ ಎರಡು ಯಂತ್ರಗಳಿವೆ, ಅವುಗಳ ಯಜಮಾನರೂ ಬೇರೆ. ಮೋಡೆಮ್ ಭಾಗ ಕಂಪನಿಯ ಮಾತು ಕೇಳುತ್ತದೆ. ಅದರ ಸಾಫ್ಟ್‌ವೇರ್ ಕೇಬಲ್ ಮೂಲಕ ಅಲ್ಲಿಂದಲೇ ಬರುತ್ತದೆ, ನೀವು ದುಡ್ಡು ಕೊಟ್ಟು ತಂದ ಡಬ್ಬಿಯಾದರೂ ಅಷ್ಟೇ. ರೂಟರ್ ಭಾಗ ನಿಮ್ಮದು. ವೈಫೈ ಹೆಸರು, ಪಾಸ್‌ವರ್ಡ್, ಚಾನೆಲ್, ಯಾರನ್ನು ಒಳಗೆ ಬಿಡಬೇಕು ಎಲ್ಲ ನಿಮ್ಮ ಕೈಯಲ್ಲಿ. ತೊಡಕು ಏನೆಂದರೆ, ಎರಡೂ ಒಂದಾದಾಗ ರೂಟರ್ ಭಾಗದ ಅಪ್‌ಡೇಟ್ ಕೂಡ ಸಾಮಾನ್ಯವಾಗಿ ಕಂಪನಿ ಕಳಿಸುವ ಫೈಲಿನ ಜೊತೆಗೇ ಬರುತ್ತದೆ. ವೈಫೈನಲ್ಲಿ ಭದ್ರತೆಯ ದೋಷವೊಂದು ಹೊರಬಿದ್ದರೆ, ತಯಾರಕರು ಸರಿಮಾಡಿದ ಮೇಲೂ ನೀವು ಕೇಬಲ್ ಕಂಪನಿಗಾಗಿ ಕಾಯಬೇಕು. ಪೆಟ್ಟಿಗೆಯ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ.

ಇನ್ನೊಂದು, ಎರಡಕ್ಕೂ ಒಂದೇ ಆಯುಸ್ಸಿಲ್ಲ. ಕೇಬಲ್ ಮೋಡೆಮ್‌ಗಳ ಮಾನದಂಡ ಡಾಕ್ಸಿಸ್. ಅದರ 3.0 ಬಂದದ್ದು 2006ರಲ್ಲಿ, 3.1 ಬಂದದ್ದು 2013ರಲ್ಲಿ. 3.1 ಮೋಡೆಮ್ ಈಗಲೂ ಚೆನ್ನಾಗಿ ದುಡಿಯುತ್ತದೆ. ವೈಫೈ ಹಾಗಲ್ಲ. ವೈಫೈ 6ರ ಪ್ರಮಾಣಪತ್ರ 2019ರಲ್ಲಿ ಶುರುವಾಯಿತು, 6ಇ 2021ರಲ್ಲಿ, ವೈಫೈ 7 2024ರಲ್ಲಿ. ವೈಫೈ ಹಳೆಯದಾಯಿತು ಎಂದು ಚೆನ್ನಾಗಿರುವ ಮೋಡೆಮ್ಮನ್ನೂ ಎಸೆಯುವಂತಾಗಬಾರದು, ಅಲ್ವಾ?

ಆದರೂ ನಿಮ್ಮದು ಮೂರು ಜನರ ಮನೆ. ಕೇಬಲ್ ಬರುವ ಜಾಗ ಮನೆಯ ನಡುವೆಯೇ ಇದ್ದು, ಸೆಟ್ಟಿಂಗ್‌ಗಳ ಗೋಜು ಯಾರಿಗೂ ಬೇಡ ಅನ್ನುವುದಾದರೆ ಸೇರಿಸಿದ ಡಬ್ಬಿ ತಗೊಳ್ಳಿ. ಒಂದೇ ಪ್ಲಗ್, ಒಂದೇ ಪುಟ, ಕೆಟ್ಟರೆ ಫೋನ್ ಮಾಡಬೇಕಾದ್ದೂ ಒಂದೇ ಕಡೆ. ಕೇಬಲ್ ಮೂಲೆಯೊಂದರಲ್ಲಿ ಬರುತ್ತದೆ, ಮನೆ ಎರಡು ಮಹಡಿಯದು ಅಂತಾದರೆ ಬೇರೆ ಬೇರೆಯೇ ಸರಿ. ಸೇರಿಸಿದ್ದು ತಗೊಂಡರೂ ಬ್ರಿಡ್ಜ್ ಮೋಡ್ ಇದೆಯಾ ಎಂದು ಖಚಿತ ಮಾಡಿಕೊಳ್ಳಿ. ಅಂದರೆ, ಮುಂದೆ ಬೇಕೆನಿಸಿದಾಗ ಒಳಗಿನ ರೂಟರ್ ಭಾಗವನ್ನು ಮಲಗಿಸಿ ಡಬ್ಬಿಯನ್ನು ಬರೀ ಮೋಡೆಮ್ ಆಗಿ ಬಳಸುವ ಅವಕಾಶ. ಅದಿಲ್ಲದ ಡಬ್ಬಿಯನ್ನು ನಾನಂತೂ ಕೊಳ್ಳುವುದಿಲ್ಲ.

ಪ್ರಶ್ನೆ: ಪೆಟ್ಟಿಗೆ ಮೇಲೆ 24×8, 32×8, ಏಎಕ್ಸ್3000 ಅಂತೆಲ್ಲ ಬರೆದಿರುತ್ತಾರೆ. ದೊಡ್ಡ ನಂಬರ್ ಇರೋದು ತಗೊಂಡರೆ ಸಾಕಲ್ವಾ?
— ಕಾಲೇಜು ವಿದ್ಯಾರ್ಥಿ

ಉತ್ತರ: ಈ ಎರಡು ಬಗೆಯ ನಂಬರ್‌ಗಳು ಡಬ್ಬಿಯ ಎರಡು ಭಾಗಗಳಿಗೆ ಸೇರಿದವು. ಬೆರೆಸಬೇಡಿ.

32×8 ಅನ್ನುವುದು ಮೋಡೆಮ್‌ನದು. ಕೇಬಲ್ಲಿನಲ್ಲಿ ಟೀವಿ ಚಾನೆಲ್ಲುಗಳ ಹಾಗೆಯೇ ಇಂಟರ್ನೆಟ್ಟಿಗೂ ಚಾನೆಲ್ಲುಗಳಿವೆ. 3.0 ಮೋಡೆಮ್ ಹಲವು ಚಾನೆಲ್ಲುಗಳನ್ನು ಒಟ್ಟಿಗೆ ಹಿಡಿಯುತ್ತದೆ. ಇಲ್ಲಿ ಡೌನ್‌ಲೋಡ್‌ಗೆ 32, ಅಪ್‌ಲೋಡ್‌ಗೆ 8. 6 ಮೆಗಾಹರ್ಟ್ಸ್ ಅಗಲದ ಒಂದು ಡೌನ್‌ಲೋಡ್ ಚಾನೆಲ್ಲಿನಲ್ಲಿ ಸುಮಾರು 38 ಮೆಗಾಬಿಟ್ ಸಿಗುತ್ತದೆ, 8 ಮೆಗಾಹರ್ಟ್ಸ್ ಬಳಸುವ ಕಡೆ ಸುಮಾರು 50. 38ರಂತೆ ಲೆಕ್ಕ ಹಾಕಿದರೆ 8 ಡೌನ್‌ಲೋಡ್ ಚಾನೆಲ್ಲಿಗೆ ಸುಮಾರು 300 ಮೆಗಾಬಿಟ್. ಆದರೆ ಆ 300 ನಿಮ್ಮೊಬ್ಬರದಲ್ಲ, ಅದೇ ಲೈನಿನಲ್ಲಿರುವ ನೆರೆಮನೆಗಳ ಜೊತೆ ಹಂಚಿಕೊಂಡದ್ದು. ಹೆಚ್ಚು ಚಾನೆಲ್ ಹಿಡಿಯುವ ಮೋಡೆಮ್‌ನ ನಿಜವಾದ ಲಾಭ ಇರುವುದು ಇಲ್ಲೇ. ಒಂದು ಚಾನೆಲ್ ತುಂಬಿದ್ದರೆ ಇನ್ನೊಂದರಲ್ಲಿ ಜಾಗ ಸಿಗುತ್ತದೆ. 100 ಮೆಗಾಬಿಟ್ ಪ್ಲಾನಿಗೆ 4 ಚಾನೆಲ್ಲಿನ ಹಳೆಯ ಮೋಡೆಮ್ ಲೆಕ್ಕದಲ್ಲಿ ಸಾಕಾದರೂ ಸಂಜೆ ಹೊತ್ತು ಒದ್ದಾಡುವುದು ಇದಕ್ಕೇ.

ಹೊಸದಾಗಿ ಕೊಳ್ಳುವುದಾದರೆ 3.1 ತಗೊಳ್ಳಿ. ಅದು 192 ಮೆಗಾಹರ್ಟ್ಸ್‌ವರೆಗಿನ ಅಗಲದ ಚಾನೆಲ್ ಹಿಡಿಯುತ್ತದೆ, ಗದ್ದಲದ ಲೈನಿನಲ್ಲಿ ತಪ್ಪುಗಳನ್ನು ಸರಿಪಡಿಸುವ ಶಕ್ತಿಯೂ ಜಾಸ್ತಿ. ಕಂಪನಿಯವರು ಸದ್ಯ 3.0 ಮಾತ್ರ ಕೊಡುತ್ತಿದ್ದರೂ 3.1 ಮೋಡೆಮ್ ಅದರಲ್ಲಿ ಕೆಲಸ ಮಾಡುತ್ತದೆ.

ಏಎಕ್ಸ್3000 ವೈಫೈನ ನಂಬರ್. 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೋ ಬ್ಯಾಂಡ್‌ಗಳ ಗರಿಷ್ಠ ವೇಗವನ್ನೂ ಕೂಡಿ ಬರೆದದ್ದು. ಒಂದು ಫೋನು ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದು ಬ್ಯಾಂಡ್ ಮಾತ್ರ ಬಳಸುವುದರಿಂದ ಆ ಮೊತ್ತ ಯಾರಿಗೂ ಸಿಗುವುದಿಲ್ಲ. ನೀವು ನೋಡಬೇಕಾದ ಇನ್ನೊಂದು ನಂಬರ್ ಹಿಂಬದಿಯ ಲ್ಯಾನ್ ಪೋರ್ಟಿನದು, ಅಂದರೆ ತಂತಿಯಲ್ಲಿ ಕಂಪ್ಯೂಟರ್ ಸಿಕ್ಕಿಸುವ ಜಾಗದ್ದು. 1 ಗಿಗಾಬಿಟ್ ಪೋರ್ಟಿನಲ್ಲಿ ಕೈಗೆ ಬರುವುದು 940 ಮೆಗಾಬಿಟ್‌ನಷ್ಟು. ಅದಕ್ಕಿಂತ ಮೇಲಿನ ಪ್ಲಾನ್ ಇದ್ದರೆ 2.5 ಗಿಗಾಬಿಟ್ ಪೋರ್ಟ್ ಬೇಕು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಮೋಡೆಮ್ ರೂಟರ್ ಅಂತ ನೋಡಿ ತರಿಸಿದೆ. ಟೀವಿ ಕೇಬಲ್ ಸಿಕ್ಕಿಸುವ ಜಾಗವೇ ಇಲ್ಲ. ಫೋನ್ ವಯರ್ ಹಾಕುವ ಸಣ್ಣ ತೂತು ಇದೆ. ಕನೆಕ್ಟರ್ ಸಿಗುತ್ತಾ?
— ನಿವೃತ್ತ ಶಿಕ್ಷಕರು

ಉತ್ತರ: ಸರ್, ದಯವಿಟ್ಟು ವಾಪಸ್ ಕಳಿಸಿ. ಅದು ಟೆಲಿಫೋನ್ ತಂತಿಯ ಡಿಎಸ್ಎಲ್ ಮೋಡೆಮ್. ಕೇಬಲ್ಲಿನ ಸಿಗ್ನಲ್ಲೇ ಬೇರೆ, ಯಾವ ಕನೆಕ್ಟರ್ ಹಾಕಿದರೂ ನಡೆಯುವುದಿಲ್ಲ. ನಿಮಗೆ ಬೇಕಾದ ಡಬ್ಬಿಯ ಹಿಂದೆ ತಿರುಪಿನ ಗೆರೆಗಳಿರುವ ದುಂಡನೆಯ ಲೋಹದ ಮೂತಿ ಇರುತ್ತದೆ, ವಿವರದಲ್ಲಿ ಡಾಕ್ಸಿಸ್ ಎಂಬ ಪದ ಇರುತ್ತದೆ. ಫೈಬರ್ ಸಂಪರ್ಕ ಇರುವವರಿಗೂ ಇದೇ ಮಾತು. ಅವರ ಮನೆಗೆ ಬರುವುದು ಗಾಜಿನ ಎಳೆ, ಅದಕ್ಕೆ ಬೇಕಾದ್ದು ಬೆಳಕಿನ ಸಿಗ್ನಲ್ ಓದುವ ಬೇರೆ ಡಬ್ಬಿ, ಓಎನ್‌ಟಿ. ಕೇಬಲ್ ಮೋಡೆಮ್ ಅಲ್ಲಿ ಉಪಯೋಗಕ್ಕೆ ಬಾರದು.

ಪ್ರಶ್ನೆ: ಕಂಪನಿಯ ಪಟ್ಟಿಯಲ್ಲಿದ್ದ ಡಬ್ಬಿಯನ್ನೇ ತಂದಿದ್ದೇವೆ. ಲೈನ್‌ಮನ್ ಬರೋದು ತಡ ಆಗುತ್ತಂತೆ. ನಾವೇ ಜೋಡಿಸಬಹುದಾ? ಎಲ್ಲಿಂದ ಶುರು ಮಾಡೋದು?
— ಹೊಸ ಮನೆಗೆ ಬಂದ ದಂಪತಿ

ಉತ್ತರ: ಖಂಡಿತ ಜೋಡಿಸಬಹುದು. ಆದರೆ ಡಬ್ಬಿಗಿಂತ ಮೊದಲು ಕೇಬಲ್ಲಿನ ತುದಿಯನ್ನು ನೋಡಿ. ಬೆಳಕಿಗೆ ಹಿಡಿದು, ಹತ್ತಿರದಿಂದ. ನಡುವೆ ತಾಮ್ರದ ಬಣ್ಣದ ಒಂದೇ ತಂತಿ ನೆಟ್ಟಗೆ ನಿಂತಿರಬೇಕು, ಕನೆಕ್ಟರ್‌ನ ಅಂಚಿಗಿಂತ 2–3 ಮಿಲಿಮೀಟರ್ ಮುಂದೆ. ಅದರ ಸುತ್ತ ಇರುವ ಬಿಳಿಯ ಭಾಗ ಕನೆಕ್ಟರ್ ಒಳಗಿನ ತಳಕ್ಕೆ ಸಮನಾಗಿರಬೇಕು. ಹೊರಜಾಲರಿಯ ಕೂದಲಿನಂಥ ಎಳೆ ಒಂದಾದರೂ ಆ ನಡುತಂತಿಗೆ ತಾಗಿದ್ದರೆ ಸಿಗ್ನಲ್ ಅಲ್ಲೇ ಸಾಯುತ್ತದೆ. ತಂತಿ ಕಪ್ಪಾಗಿದ್ದರೆ, ಹಸಿರು ಹಿಡಿದಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಆಗ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಬೇಕು. ಕನೆಕ್ಟರನ್ನು ಹಿಡಿದು ಮೆಲ್ಲಗೆ ಎಳೆಯಿರಿ, ಕೇಬಲ್ಲಿನಿಂದ ಕಳಚಿ ಬರುವಂತಿದ್ದರೂ ಅದೇ ಮದ್ದು. ದೂರು ವಿಭಾಗದಲ್ಲಿದ್ದಾಗ ನಾವು ಮೋಡೆಮ್ ಬದಲಿಸಿಕೊಟ್ಟ ಎಷ್ಟೋ ಮನೆಗಳಲ್ಲಿ ಕೊನೆಗೆ ಕೆಟ್ಟಿದ್ದದ್ದು ಈ ಬೆರಳ ತುದಿಯಷ್ಟಿನ ಲೋಹ.

ಆಮೇಲೆ ಸ್ಪ್ಲಿಟರ್‌ಗಳನ್ನು, ಅಂದರೆ ಒಂದು ಕೇಬಲ್ಲನ್ನು ಹಲವು ಕವಲು ಮಾಡುವ ಸಣ್ಣ ತುಂಡುಗಳನ್ನು, ಹುಡುಕಿ. ಎರಡು ಕವಲಿನ ಸ್ಪ್ಲಿಟರ್ ಪ್ರತಿ ಕವಲಿನಲ್ಲೂ ಸುಮಾರು 3.5 ಡೆಸಿಬಲ್ ತಿನ್ನುತ್ತದೆ, ಅಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಯಿತು. ನಾಲ್ಕು ಕವಲಿನದು ಸುಮಾರು 7. ಮನೆಗೆ ಬಂದ ಲೈನಿಗೆ ಮೊದಲು ಎರಡು ಕವಲಿನದೊಂದು ಹಾಕಿ, ಒಂದು ಕವಲು ನೇರ ಮೋಡೆಮ್‌ಗೆ, ಇನ್ನೊಂದರಿಂದ ಎಷ್ಟು ಟೀವಿ ಬೇಕಾದರೂ ಹೋಗಲಿ. ಹಳೆಯ ಬೂಸ್ಟರ್ ಇದ್ದರೆ ಮೋಡೆಮ್‌ನ ದಾರಿಯಿಂದ ತೆಗೆಯಿರಿ. ಟೀವಿಗಾಗಿ ಮಾಡಿದ ಬೂಸ್ಟರ್‌ಗಳು ಕೆಳಗೆ ಬರುವ ಸಿಗ್ನಲ್ಲನ್ನು ಮಾತ್ರ ಎತ್ತುತ್ತವೆ. ಮೋಡೆಮ್ ವಾಪಸ್ ಮಾತಾಡಬೇಕಲ್ಲ, ಆ ದಾರಿಯನ್ನೇ ಮುಚ್ಚಿಬಿಡುತ್ತವೆ.

ಕೇಬಲ್ಲನ್ನು ಡಬ್ಬಿಗೆ ಕೈಯಿಂದಲೇ ಪೂರ್ತಿ ಬಿಗಿ ಮಾಡಿ. ಆಮೇಲೆ ಕರೆಂಟ್ ಕೊಡಿ. ದೀಪಗಳನ್ನು ನೋಡುತ್ತಾ ಕೂತರೆ ಒಳಗೆ ಏನಾಗುತ್ತಿದೆ ಎಂದು ತಿಳಿಯುತ್ತದೆ. ಮೋಡೆಮ್ ಮೊದಲು ಡೌನ್‌ಲೋಡ್ ಚಾನೆಲ್ ಹುಡುಕಿ ಹಿಡಿಯುತ್ತದೆ, ಒಂದು ದೀಪ ಮಿನುಗುವುದು ನಿಲ್ಲುತ್ತದೆ. ಆಮೇಲೆ ಅಪ್‌ಲೋಡ್ ಕಡೆ ತನ್ನ ದನಿ ಎಷ್ಟು ಎತ್ತರಿಸಬೇಕು ಎಂದು ಕಂಪನಿಯ ಯಂತ್ರದ ಜೊತೆ ಮಾತಾಡಿ ಹೊಂದಿಸಿಕೊಳ್ಳುತ್ತದೆ, ಇನ್ನೊಂದು ದೀಪ ನಿಲ್ಲುತ್ತದೆ. ಕೊನೆಗೆ ಕಂಪನಿಯಿಂದ ಒಂದು ಸಣ್ಣ ಫೈಲ್ ಇಳಿಸಿಕೊಳ್ಳುತ್ತದೆ. ನಿಮ್ಮ ಪ್ಲಾನಿನ ವೇಗ ಬರೆದಿರುವುದು ಆ ಫೈಲಿನಲ್ಲಿ. ಹೊಸ ಮೋಡೆಮ್ ಹಾಕಿದ ಮೇಲೆ ವೇಗ ವಿಚಿತ್ರವಾಗಿ ಕಮ್ಮಿ ಇದ್ದರೆ "ನನ್ನ ಮೋಡೆಮ್‌ಗೆ ಸರಿಯಾದ ಪ್ಲಾನಿನ ಫೈಲ್ ಹೋಗಿದೆಯಾ ನೋಡಿ" ಎಂದೇ ಕೇಳಿ. ಆ ಒಂದು ವಾಕ್ಯ ಕೇಳಿದರೆ ಫೋನಿನ ಆ ಕಡೆಯವರು ಸೀದಾ ವಿಷಯಕ್ಕೆ ಬರುತ್ತಾರೆ.

ಮೊದಲ ಸಲ ಇದೆಲ್ಲ ಮುಗಿಯಲು ಹತ್ತಿಪ್ಪತ್ತು ನಿಮಿಷ ಹಿಡಿಯಬಹುದು. ನಡುವೆ ಹೊಸ ಸಾಫ್ಟ್‌ವೇರ್ ಇಳಿದು ತಾನೇ ಆಫ್ ಆಗಿ ಆನ್ ಆಗಲೂಬಹುದು. ಆ ಹೊತ್ತಿನಲ್ಲಿ ಪ್ಲಗ್ ಕೀಳಬೇಡಿ.

ಕೊನೆಗೆ ವೈಫೈ. ಚೀಟಿಯಲ್ಲಿರುವ ವಿಳಾಸ, ಸಾಮಾನ್ಯವಾಗಿ 192.168.0.1 ಅಥವಾ 192.168.1.1, ಬ್ರೌಸರ್‌ನಲ್ಲಿ ಹಾಕಿ ಒಳಗೆ ಹೋಗಿ. ಹಳೆಯ ಡಬ್ಬಿಯಲ್ಲಿದ್ದ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಇಲ್ಲೂ ಕೊಟ್ಟರೆ ಫೋನು, ಟೀವಿ, ಪ್ರಿಂಟರ್ ಬಹುಪಾಲು ತಾವೇ ಸೇರಿಕೊಳ್ಳುತ್ತವೆ. ಹಳೆಯ ಪಾಸ್‌ವರ್ಡ್ ಊರಿಗೆಲ್ಲ ಗೊತ್ತಿದ್ದರೆ ಮಾತ್ರ ಈ ಸುಲಭದ ದಾರಿ ಬೇಡ.

ಪ್ರಶ್ನೆ: 300 ಮೆಗಾಬಿಟ್ ಪ್ಲಾನ್. ಹಾಲ್‌ನಲ್ಲಿ ಸರಿಯಾಗಿ ಬರುತ್ತೆ. ಮಲಗುವ ಕೋಣೆಯಲ್ಲಿ 20 ಬಂದರೆ ಪುಣ್ಯ. ಡಬ್ಬಿ ಟೀವಿ ಹಿಂದೆ ಇದೆ. ಇನ್ನೂ ದೊಡ್ಡ ಪ್ಲಾನ್ ಹಾಕಿಸಲಾ?
— ಮನೆಯಿಂದಲೇ ಕೆಲಸ ಮಾಡುವವರು

ಉತ್ತರ: ಬೇಡ. ನಿಮ್ಮ ಮೋಡೆಮ್ ಭಾಗ ಕೆಲಸ ಸರಿಯಾಗಿ ಮಾಡುತ್ತಿದೆ, ಹಾಲ್‌ನಲ್ಲಿ ಪೂರ್ತಿ ವೇಗ ಬರುವುದೇ ಅದಕ್ಕೆ ಸಾಕ್ಷಿ. ತೊಂದರೆ ಇರುವುದು ಡಬ್ಬಿ ಕೂತ ಜಾಗದಲ್ಲಿ. ಸೇರಿಸಿದ ಡಬ್ಬಿಗಳ ದೊಡ್ಡ ಕೊರತೆಯೇ ಇದು. ಕೇಬಲ್ ಎಲ್ಲಿ ಬರುತ್ತದೋ ಅಲ್ಲೇ ವೈಫೈ ಕೂಡ ಕೂರಬೇಕು. ಟೀವಿಯ ಹಿಂಬದಿ ಅಂದರೆ ಲೋಹದ ತಟ್ಟೆಯೊಂದರ ಹಿಂದೆ ಅಡಗಿಸಿಟ್ಟಂತೆ.

ಡಬ್ಬಿಯನ್ನು ಟೀವಿಯಿಂದ ಒಂದು ಮೀಟರಾದರೂ ಆಚೆ, ಎದೆಯೆತ್ತರದಲ್ಲಿ, ನಿಲ್ಲಿಸುವಂಥದ್ದಾದರೆ ನಿಲ್ಲಿಸಿಯೇ ಇಡಿ. ಮಲಗಿಸಿದರೆ ಗಾಳಿಯ ಕಿಂಡಿಗಳು ಮುಚ್ಚಿ ಬಿಸಿಯಾಗುತ್ತದೆ, ಎರಡು ಯಂತ್ರ ಒಟ್ಟಿಗಿರುವ ಡಬ್ಬಿಗೆ ಬಿಸಿ ಮೊದಲೇ ಜಾಸ್ತಿ. ಉದ್ದದ ಕೇಬಲ್ ಬೇಕಾದರೆ ಆರ್‌ಜಿ-6 ಕೇಳಿ ಹಾಕಿಸಿ. ಹಳೆಯ ತೆಳು ಆರ್‌ಜಿ-59 ಬೇಡ.

ಚಾನೆಲ್ ವಿಷಯಕ್ಕೆ ಬಂದರೆ, 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಮಾತ್ರ. ಅಗಲ 20 ಮೆಗಾಹರ್ಟ್ಸ್ ಇರಲಿ. ಖಾಲಿ ಇದೆ ಎಂದು 3ನ್ನೋ 4ನ್ನೋ ಆರಿಸಿದರೆ 1 ಮತ್ತು 6ರ ಎರಡೂ ಕಡೆಯ ಗದ್ದಲ ನಿಮಗೇ. 5 ಗಿಗಾಹರ್ಟ್ಸ್ ವೇಗ, ಆದರೆ ಗೋಡೆ ದಾಟುವುದರಲ್ಲಿ ಬಡವ. 6 ಗಿಗಾಹರ್ಟ್ಸ್ ಇನ್ನೂ ಬಡವ. ಹಾಗಾಗಿ ನಡುವೆ ಎರಡು ಗೋಡೆ ಇದ್ದರೆ ವೈಫೈ 7ರ ಡಬ್ಬಿ ತಂದರೂ ನಿಮ್ಮ ಕೋಣೆಯ ಕಥೆ ಅಷ್ಟೇನೂ ಬದಲಾಗುವುದಿಲ್ಲ. ಜಾಗ ಬದಲಿಸಿದರೂ ಆಗದಿದ್ದರೆ ಹಾಲ್‌ನಿಂದ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ, ಆ ತುದಿಗೆ ಸಾಧಾರಣ ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಕೊಡುವ ಡಬ್ಬಿ) ಒಂದನ್ನು ಹಾಕಿ. ದಿನಾ ಮನೆಯಿಂದ ಕೆಲಸ ಮಾಡುವವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ನನಗೆ ಗೊತ್ತಿಲ್ಲ. ತಂತಿ ಇಲ್ಲದ ರಿಪೀಟರ್‌ಗಳು ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕೆ ಬೀಳುವುದೇ ಹೆಚ್ಚು.

ಪ್ರಶ್ನೆ: ಸ್ಪೀಡ್ ಟೆಸ್ಟ್ ಚೆನ್ನಾಗೇ ತೋರಿಸುತ್ತೆ ಮೇಡಂ. ಆದರೆ ವೀಡಿಯೋ ಕಾಲ್ ನಡುವೆ ಮುಖ ಹಾಗೇ ನಿಂತುಬಿಡುತ್ತೆ, ಧ್ವನಿ ಕತ್ತರಿಸುತ್ತೆ. ದೂರು ಕೊಟ್ಟರೆ "ಇಲ್ಲಿಂದ ಎಲ್ಲ ಸರಿ ಇದೆ" ಅಂತಾರೆ.
— ದೂರದಲ್ಲಿರುವ ಮೊಮ್ಮಕ್ಕಳ ಜೊತೆ ಮಾತಾಡುವ ಅಜ್ಜಿ

ಉತ್ತರ: ಅಜ್ಜಿ, "ಎಲ್ಲ ಸರಿ ಇದೆ" ಅಂದವರು ಆ ಗಳಿಗೆಯಲ್ಲಿ ನೋಡಿ ಹೇಳಿರುತ್ತಾರೆ. ಬಂದು ಹೋಗುವ ತೊಂದರೆ ಆ ಗಳಿಗೆಯಲ್ಲಿ ಕಾಣದೇ ಇರಬಹುದು. ಆದರೆ ನಿಮ್ಮ ಡಬ್ಬಿ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಯಾರಿಗಾದರೂ ಹೇಳಿ 192.168.100.1 ಎಂಬ ವಿಳಾಸ ತೆರೆಸಿ. ಬಹುಪಾಲು ಕೇಬಲ್ ಮೋಡೆಮ್‌ಗಳ ಪುಟ ಅಲ್ಲಿ ತೆರೆಯುತ್ತದೆ. ತೆರೆಯದಿದ್ದರೆ ರೂಟರ್ ಪುಟದೊಳಗೇ ಕೇಬಲ್ ಸಿಗ್ನಲ್ ಅಥವಾ ಸ್ಟೇಟಸ್ ಎಂಬ ಭಾಗ ಇರುತ್ತದೆ.

ಅಲ್ಲಿ ಮೂರು ಜಾಗ ನೋಡಿ. ಮೊದಲನೆಯದು ನಿಮ್ಮ ಡಬ್ಬಿಗೆ ಬರುವ ಸಿಗ್ನಲ್ಲಿನ ಬಲ. ಡೌನ್‌ಸ್ಟ್ರೀಮ್ ಪವರ್ ಮೈನಸ್ 7ರಿಂದ ಪ್ಲಸ್ 7 ಡಿಬಿಎಂವಿ ಒಳಗಿದ್ದರೆ ಒಳ್ಳೆಯದು. ಮಾನದಂಡ 15ರವರೆಗೆ ಒಪ್ಪುತ್ತದೆ, ಆದರೆ ಅಂಚಿನಲ್ಲಿದ್ದರೆ ಮಳೆಗೋ ಬಿಸಿಲಿಗೋ ಜಾರುತ್ತದೆ. ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂದು ಹೇಳುವ, ಅದರ ಪಕ್ಕದ ಎಸ್‌ಎನ್‌ಆರ್ 33 ಡೆಸಿಬಲ್‌ಗಿಂತ ಮೇಲಿರಲಿ. ಮೂರನೆಯದು ಅಪ್‌ಸ್ಟ್ರೀಮ್ ಪವರ್. ಇದು ನಿಮ್ಮ ಮೋಡೆಮ್ ಎಷ್ಟು ಜೋರಾಗಿ ಕೂಗುತ್ತಿದೆ ಎನ್ನುವ ಲೆಕ್ಕ. ನಲವತ್ತರ ಆಸುಪಾಸು ಆರಾಮ. 50 ದಾಟಿದರೆ ದಾರಿಯಲ್ಲಿ ಎಲ್ಲೋ ಸಿಗ್ನಲ್ ಸೋರುತ್ತಿದೆ ಎಂದರ್ಥ. ನನ್ನ ಪರದೆಯ ಮೇಲೆ ಈ ಅಂಕಿ ದಿನದಿಂದ ದಿನಕ್ಕೆ ಏರುವುದನ್ನು ನೋಡಿ, ಅಲ್ಲಿ ಕನೆಕ್ಟರ್ ಸಡಿಲಾಗುತ್ತಿದೆ ಎಂದು ಲೈನ್‌ಮನ್‌ಗೆ ಮೊದಲೇ ಹೇಳಬಹುದಿತ್ತು.

ಅದೇ ಪುಟದಲ್ಲಿ ಲಾಗ್ ಎಂಬ ಪಟ್ಟಿ ಇದೆ. ಅಲ್ಲಿ ಟಿ3 ಟೈಮ್‌ಔಟ್ ಎಂಬ ಸಾಲುಗಳು ಮತ್ತೆ ಮತ್ತೆ ಬಂದಿದ್ದರೆ ಮೋಡೆಮ್ ಕೂಗಿದ್ದಕ್ಕೆ ಆ ಕಡೆಯಿಂದ ಉತ್ತರ ಬಂದಿಲ್ಲ. ಸರಿಪಡಿಸಲಾಗದ ತಪ್ಪುಗಳ ಎಣಿಕೆಯೂ ಪಟ್ಟಿಯ ಒಂದು ಕಾಲಂನಲ್ಲಿ ಇರುತ್ತದೆ. ಕಾಲ್ ಕತ್ತರಿಸಿದ ಕೂಡಲೇ ಆ ಎಣಿಕೆ ಏರಿದ್ದರೆ ದೋಷ ಲೈನಿನದು. ಆ ಪುಟದ ಫೋಟೋ ತೆಗೆದಿಟ್ಟು, ಸಮಯ ಸಮೇತ ದೂರಿಗೆ ಸೇರಿಸಿ. ಬಾಯಿಮಾತಿನ ದೂರಿಗೆ ಸಿಗದ ಉತ್ತರ ಇದಕ್ಕೆ ಸಿಗುತ್ತದೆ. ದಯವಿಟ್ಟು ಫೋಟೋ ತೆಗೆಯುವ ಮೊದಲು ಡಬ್ಬಿ ಆಫ್ ಮಾಡಬೇಡಿ, ಎಣಿಕೆಯೆಲ್ಲ ಸೊನ್ನೆಗೆ ಹೋಗುತ್ತದೆ.

ಅಂಕಿಗಳೆಲ್ಲ ಚೆನ್ನಾಗಿದ್ದು ಸಂಜೆ ಹೊತ್ತು ಮಾತ್ರ ತೊಂದರೆ ಇದ್ದರೆ ಅದು ಬೀದಿಯ ಲೈನಿನ ದಟ್ಟಣೆ. ಅದನ್ನು ಕಂಪನಿಯೇ ಸರಿ ಮಾಡಬೇಕು, ಯಾವ ಡಬ್ಬಿಯಿಂದಲೂ ಆಗದು. ಇನ್ನೂ ಒಂದು ಕಾರಣ ಮನೆಯೊಳಗೇ ಇರಬಹುದು. ಯಾರದೋ ಫೋನು ಅದೇ ಹೊತ್ತಿಗೆ ಫೋಟೋಗಳನ್ನೆಲ್ಲ ಮೇಲಕ್ಕೆ ಕಳಿಸುತ್ತಿದ್ದರೆ ಕಿರಿದಾದ ಅಪ್‌ಲೋಡ್ ದಾರಿ ತುಂಬಿ ನಿಮ್ಮ ಮಾತು ಸಾಲಿನಲ್ಲಿ ಕಾಯಬೇಕಾಗುತ್ತದೆ. ಈ ಸಾಲನ್ನು ಚಿಕ್ಕದಾಗಿಡುವ ವ್ಯವಸ್ಥೆ 3.1 ಮೋಡೆಮ್‌ಗಳಲ್ಲಿ ಕಡ್ಡಾಯ. ಕರೆಗಳೇ ಮುಖ್ಯವಾದವರಿಗೆ 3.1 ಹೇಳುವುದಕ್ಕೆ ನನ್ನ ದೊಡ್ಡ ಕಾರಣ ಇದು. ಹಳೆಯ 3.0 ಡಬ್ಬಿ ಕೊಳ್ಳುವವರು ಒಳಗಿನ ಚಿಪ್ ಪ್ಯೂಮಾ 6 ಅಲ್ಲ ಎಂದು ನೋಡಿಕೊಳ್ಳಿ. ಆ ಚಿಪ್‌ನಲ್ಲಿ ಆಗಾಗ ತಡವಾಗುವ ದೋಷ ಇರುವುದು 2016ರಲ್ಲಿ ಬೆಳಕಿಗೆ ಬಂತು. ಆಮೇಲೆ ಸರಿಪಡಿಸುವ ಸಾಫ್ಟ್‌ವೇರ್ ಬಂದರೂ ಅದು ಎಲ್ಲ ಡಬ್ಬಿಗೂ ತಲುಪಿದೆ ಎಂದು ನಂಬಿಕೊಂಡು ಕೂರುವ ಹಾಗಿಲ್ಲ.

ಪ್ರಶ್ನೆ: ಮಗ ಒಳ್ಳೆಯ ರೂಟರ್ ತಂದು ಹಳೆಯ ಡಬ್ಬಿಗೆ ಸಿಕ್ಕಿಸಿದ್ದಾನೆ. ವೈಫೈ ಚೆನ್ನಾಗಾಯಿತು. ಆದರೆ ಅವನ ಆನ್‌ಲೈನ್ ಆಟ ಗೆಳೆಯರಿಗೆ ಸೇರುತ್ತಿಲ್ಲ, ಹೊರಗಿನಿಂದ ಕ್ಯಾಮೆರಾನೂ ಕಾಣುತ್ತಿಲ್ಲ.
— ಒಬ್ಬ ತಂದೆ

ಉತ್ತರ: ನಿಮ್ಮ ಮನೆಯಲ್ಲಿ ಈಗ ಎರಡು ರೂಟರ್‌ಗಳಿವೆ, ಒಂದರ ಹಿಂದೆ ಒಂದು. ಎರಡೂ ವಿಳಾಸ ಬದಲಿಸುವ ಕೆಲಸ ಮಾಡುತ್ತಿವೆ. ಹೊರಗಿನಿಂದ ಬಂದದ್ದು ಮೊದಲನೆಯದರ ಬಾಗಿಲಲ್ಲೇ ನಿಂತುಬಿಡುತ್ತದೆ. ಹೊಸ ರೂಟರ್‌ನ ಪುಟದಲ್ಲಿ ಇಂಟರ್ನೆಟ್ ವಿಳಾಸ ನೋಡಿ. ಅದು 192.168 ಅಥವಾ 10ರಿಂದ ಶುರುವಾದರೆ ಇದೇ ತೊಂದರೆ.

ಹಳೆಯ ಡಬ್ಬಿಯಲ್ಲಿ ಬ್ರಿಡ್ಜ್ ಮೋಡ್ ಹಾಕಿ. ಕೆಲವು ಡಬ್ಬಿಗಳಲ್ಲಿ ಕಂಪನಿಯವರೇ ಅಲ್ಲಿಂದ ಹಾಕಿಕೊಡಬೇಕು. ಆಮೇಲೆ ಹೊಸ ರೂಟರನ್ನು ಸಿಕ್ಕಿಸಿ, ಮೋಡೆಮ್ ಡಬ್ಬಿಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಲೇಬೇಕು. ತನಗೆ ಮೊದಲು ಕಂಡ ಯಂತ್ರವನ್ನೇ ಮೋಡೆಮ್ ನೆನಪಿಟ್ಟುಕೊಂಡಿರುತ್ತದೆ, ಹೊಸದಕ್ಕೆ ಬಾಗಿಲು ತೆಗೆಯುವುದಿಲ್ಲ. ಈ ಒಂದು ಹೆಜ್ಜೆ ಬಿಟ್ಟು "ಹೊಸ ರೂಟರ್ ಕೆಟ್ಟಿದೆ" ಎಂದು ವಾಪಸ್ ಕೊಟ್ಟವರು ಬಹಳ. ಬ್ರಿಡ್ಜ್ ಮೋಡ್ ಇಲ್ಲವೇ ಇಲ್ಲ ಅಂತಾದರೆ ಹೊಸದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಹಳೆಯದರ ವೈಫೈ ಆಫ್ ಮಾಡಿ.

ಬ್ರಿಡ್ಜ್ ಹಾಕಿದ ಮೇಲೂ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಕಂಪನಿಯೇ ಒಂದು ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಿದೆ. ಪಬ್ಲಿಕ್ ಐಪಿ, ಅಂದರೆ ನಿಮ್ಮ ಮನೆಗೇ ಮೀಸಲಾದ ವಿಳಾಸ, ಕೊಡಿ ಎಂದು ಅವರನ್ನೇ ಕೇಳಬೇಕು.

ಪ್ರಶ್ನೆ: ಡಬ್ಬಿಯ ಚೀಟಿಯಲ್ಲಿರುವ ಪಾಸ್‌ವರ್ಡನ್ನೇ ಬಳಸುತ್ತಿದ್ದೇವೆ. ಅಪಾಯ ಇದೆಯಾ?
— ಬಾಡಿಗೆ ಮನೆಯವರು

ಉತ್ತರ: ಇಲ್ಲಿ ಎರಡು ಪಾಸ್‌ವರ್ಡ್ ಇವೆ. ವೈಫೈಗೆ ಸೇರುವುದು ಒಂದು, ಡಬ್ಬಿಯ ಸೆಟ್ಟಿಂಗ್ ತೆರೆಯುವುದು ಇನ್ನೊಂದು. ಎರಡನೆಯದನ್ನು ಇವತ್ತೇ ಬದಲಿಸಿ. ಹಲವು ಮಾಡೆಲ್‌ಗಳಲ್ಲಿ ಅದು ಎಲ್ಲ ಡಬ್ಬಿಗೂ ಒಂದೇ ಇದ್ದು, ಹುಡುಕಿದವರಿಗೆಲ್ಲ ಸಿಗುತ್ತದೆ. ವೈಫೈ ಪಾಸ್‌ವರ್ಡ್ ಉದ್ದವಾಗಿರಲಿ, ನಾಲ್ಕೈದು ಸಂಬಂಧವಿಲ್ಲದ ಪದ ಸೇರಿಸಿದರೂ ಸಾಕು. ಸೆಟ್ಟಿಂಗಿನಲ್ಲಿ ವೈಫೈ ಭದ್ರತೆಯ ಬಗೆಯನ್ನು ಡಬ್ಲ್ಯುಪಿಎ3 ಇಡಿ. ಹಳೆಯ ಸಾಧನ ಸೇರದಿದ್ದರೆ ಡಬ್ಲ್ಯುಪಿಎ2 ಮತ್ತು 3 ಬೆರೆತ ಆಯ್ಕೆ.

ಪಾಸ್‌ವರ್ಡ್ ಬದಲು ಅಂಕಿ ಕೊಟ್ಟು ವೈಫೈ ಸೇರುವ ಡಬ್ಲ್ಯುಪಿಎಸ್ ಪಿನ್ ಇದ್ದರೆ ಆಫ್ ಮಾಡಿ. ನೋಡಲು 8 ಅಂಕಿಯ ಪಿನ್, ಆದರೆ ಡಬ್ಬಿ ಅದನ್ನು ಎರಡು ತುಂಡಾಗಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಬರೀ ತಾಳೆ ನೋಡುವುದಕ್ಕೆ. ಹಾಗಾಗಿ ಸುಮಾರು 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತದೆ. ಇದು ಗೊತ್ತಾದದ್ದು 2011ರ ಕೊನೆಯಲ್ಲಿ. ಮನೆಗೆ ಬಂದವರಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ. ಕ್ಯಾಮೆರಾ, ಬಲ್ಬುಗಳನ್ನೂ ಅದಕ್ಕೇ ಹಾಕಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಮ್ಮ ಲ್ಯಾಂಡ್‌ಲೈನ್ ಕೂಡ ಕೇಬಲ್ ಕಂಪನಿಯದೇ. ಸ್ವಂತ ಡಬ್ಬಿ ತಂದರೆ ಫೋನ್ ನಡೆಯುತ್ತಾ?
— ಹಿರಿಯ ನಾಗರಿಕರು

ಉತ್ತರ: ಡಬ್ಬಿಯ ಹಿಂದೆ ಫೋನ್ ಪೋರ್ಟ್ ಇದ್ದು, ಫೋನ್ ಸೇವೆಗೂ ಆ ಮಾಡೆಲ್ಲನ್ನು ಕಂಪನಿ ಒಪ್ಪಿದ್ದರೆ ಮಾತ್ರ. ಅಂಗಡಿಯಲ್ಲಿ ಸಿಗುವ ಬಹುಪಾಲು ಡಬ್ಬಿಗಳಲ್ಲಿ ಆ ಪೋರ್ಟ್ ಇರುವುದಿಲ್ಲ. ಲ್ಯಾಂಡ್‌ಲೈನ್ ಬೇಕೇ ಬೇಕು ಅನ್ನುವುದಾದರೆ ಕಂಪನಿಯ ಡಬ್ಬಿಯನ್ನೇ ಇಟ್ಟುಕೊಂಡು ವೈಫೈಗೆ ಮಾತ್ರ ಸ್ವಂತ ರೂಟರ್ ತನ್ನಿ. ಕರೆಂಟ್ ಹೋದಾಗ ಆ ಫೋನೂ ನಿಂತುಹೋಗುತ್ತದೆ. ಡಬ್ಬಿಯಲ್ಲಿ ಬ್ಯಾಟರಿ ಹಾಕುವ ಜಾಗ ಇದೆಯಾ ನೋಡಿ, ಇಲ್ಲದಿದ್ದರೆ ಸಣ್ಣ ಯುಪಿಎಸ್ ಒಂದನ್ನು ಡಬ್ಬಿಗೆ ಮೀಸಲಿಡಿ.